ಕೃತಿಸ್ವಾಮ್ಯವೂ ಜ್ಞಾನದಾನವೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಲ್ಲಿ ಹುಟ್ಟಿ ಬೆಳೆದವರಿಗೆ ವೃತ್ತಪತ್ರಿಕೆಯ ದಾರಿ ಕಾಯುವುದೆಂದರೇನೆಂಬುದನ್ನು ವಿವರಿಸಬೇಕಾಗಿಲ್ಲ. ನಮ್ಮ ಬಾಲ್ಯದಲ್ಲಿ ಬೆಳಗಿನ ಬಸ್ಸಿನ ಮೇಲಿನಿಂದ ಪತ್ರಿಕೆಯ ಕಟ್ಟು ಕೆಳಗಿಳಿದು, ಅಂಗಡಿಯ ಜಗಲಿಯ ಮೇಲೆ ಬಿಚ್ಚಿಕೊಳ್ಳುವಷ್ಟರಲ್ಲಿ ಹೊತ್ತು ಏರಿರುತ್ತಿತ್ತು. ಆಷಾಢದ ಮಳೆಗೆ ದಾರಿಯಲ್ಲಿ ಮರ ಉರುಳಿದರೆ ಇಂದಿನ ಪತ್ರಿಕೆ ನಾಳೆ ದೊರೆಯುತ್ತಿತ್ತು. ಒಂದು ಪ್ರತಿಯನ್ನು ಅಂಗಡಿಯವರು, ಅಂಚೆಯವರು, ಮೇಷ್ಟರು, ತೋಟದವರು ಸರದಿಯಂತೆ ಓದಿ, ಕೊನೆಗೆ ಅದು ಯಾರದೋ ಮನೆಯ ಕಪಾಟಿನ ಹಾಸಾಗುತ್ತಿತ್ತು. ಒಂದು ಪತ್ರಿಕೆಗೆ ಹತ್ತು ಓದುಗರೆಂಬುದು ಆಗ ಬಡತನದ ಲೆಕ್ಕವೂ ಹೌದು, ಸ್ನೇಹದ ಲೆಕ್ಕವೂ ಹೌದು.

ಇಂದು ಅದೇ ಪತ್ರಿಕೆ ಸೂರ್ಯೋದಯಕ್ಕೆ ಮೊದಲೇ ಕೈಯಲ್ಲಿರುವ ದೂರವಾಣಿಯೊಳಗೆ ಬಂದು ಕುಳಿತಿರುತ್ತದೆ. ಅಧ್ಯಾಪಕರ ವಾಟ್ಸಾಪ್ ಬಳಗ, ಹಳೆಯ ವಿದ್ಯಾರ್ಥಿಗಳ ಬಳಗ, ಅಡಿಕೆ ಬೆಳೆಗಾರರ ಬಳಗ ಎಂದು ಬಳಗಗಳಿಗೆ ಲೆಕ್ಕವಿಲ್ಲ. ಚಂದಾದಾರರಿಗೆ ಮಾತ್ರವೆಂದು ಬೀಗ ಹಾಕಿಟ್ಟ ಲೇಖನವೂ ಯಾರದೋ ಕೃಪೆಯಿಂದ ಬೀಗ ಕಳಚಿಕೊಂಡು ಈ ಬಳಗಗಳಲ್ಲಿ ಸಂಚರಿಸುತ್ತದೆ. ಇದು ಸರಿಯೇ, ತಪ್ಪೇ, ತಪ್ಪಾದರೆ ಯಾವ ಮಟ್ಟಿನ ತಪ್ಪು ಎಂಬುದನ್ನು ಈ ಸಂಚಿಕೆಯ ವಾಚಕರೊಡನೆ ವಿಚಾರಿಸಬೇಕೆಂಬುದು ನನ್ನ ಉದ್ದೇಶ. ವಿಚಾರಕ್ಕೆ ನಿಮಿತ್ತವಾದದ್ದು ನನ್ನದೇ ಒಂದು ಅಪರಾಧವಾದುದರಿಂದ ಅದನ್ನು ಮೊದಲು ನಿವೇದಿಸುತ್ತೇನೆ.

ಕಳೆದ ಮಳೆಗಾಲದಲ್ಲಿ ಅಡಿಕೆಯ ಎಲೆಚುಕ್ಕಿ ರೋಗದ ವಿಷಯವಾಗಿ ಪತ್ರಿಕೆಯೊಂದರಲ್ಲಿ ದೀರ್ಘವಾದ ಲೇಖನ ಬಂದಿತ್ತು. ಹಳದಿ ಎಲೆ ರೋಗದಿಂದ ಮೊದಲೇ ಸೊರಗಿರುವ ನಮ್ಮ ಕಡೆಯ ತೋಟಗಳಿಗೆ ಈ ಹೊಸ ರೋಗ ಎಂತಹ ಭಯ ತಂದಿದೆಯೆಂಬುದು ಇಲ್ಲಿನವರಿಗೆ ವಿದಿತವೇ ಇದೆ. ಲೇಖನ ಚಂದಾದಾರರಿಗೆ ಮೀಸಲಾಗಿತ್ತು. ಬಂಧುವೊಬ್ಬರು ಅದನ್ನು ಪೂರ್ತಿಯಾಗಿ ನನಗೆ ಕಳಿಸಿದರು. ನಾನು ಪರೋಪಕಾರವೆಂಬ ಭಾವನೆಯಿಂದ ಹಳೆಯ ವಿದ್ಯಾರ್ಥಿಗಳ ಬಳಗಕ್ಕೆ ಅದನ್ನು ಹಾಗೆಯೇ ರವಾನಿಸಿದೆ. ನೂರಾರು ಜನ ಕೈಮುಗಿದ ಚಿತ್ರ ಹಾಕಿ ಧನ್ಯವಾದ ಹೇಳಿದರು. ಮರುದಿನ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದ. ತಾಲ್ಲೂಕಿನಿಂದ ಪತ್ರಿಕೆಗಳಿಗೆ ಸುದ್ದಿ ಬರೆದು ಕಳಿಸುವ ಕಾಯಕ ಅವನದು. ಕಾಫಿ ಕುಡಿಯುತ್ತಾ, ತಲೆ ತಗ್ಗಿಸಿಕೊಂಡೇ ಹೇಳಿದ: “ಮೇಷ್ಟ್ರೇ, ಆ ಲೇಖನಕ್ಕಾಗಿ ನಾನು ಎಂಟು ದಿನ ತೋಟ ತೋಟ ತಿರುಗಿದ್ದೆ. ಅದರಲ್ಲಿ ನನ್ನ ಹೆಸರಿತ್ತು. ನೀವು ಕಳಿಸಿದ್ದರಲ್ಲಿ ಅದೂ ಬಿಟ್ಟುಹೋಗಿದೆ.”

ಮೂವತ್ತು ವರ್ಷ ಅಲಂಕಾರಶಾಸ್ತ್ರವನ್ನೂ ಹಳಗನ್ನಡವನ್ನೂ ಬೋಧಿಸಿದ ನನಗೆ ಆ ಮಾತಿಗೆ ಕೊಡಲು ಉತ್ತರವಿರಲಿಲ್ಲ. ಅಂದಿನಿಂದ ಈ ವಿಷಯವನ್ನು ಕಾನೂನಿನ ಪುಸ್ತಕಗಳಲ್ಲಿಯೂ ನಮ್ಮ ಪೂರ್ವಿಕರ ನಡತೆಯಲ್ಲಿಯೂ ಹುಡುಕಿದೆ. ಕಂಡುದನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ.

ಕೃತಿಸ್ವಾಮ್ಯದ ಸ್ವರೂಪ

ಕೃತಿಸ್ವಾಮ್ಯ, ಗ್ರಂಥಸ್ವಾಮ್ಯ, ಹಕ್ಕುಸ್ವಾಮ್ಯ, ಜನರ ಬಾಯಲ್ಲಿ ಕಾಪಿರೈಟು, ಇವೆಲ್ಲ ಒಂದೇ ಹಕ್ಕಿನ ಹೆಸರುಗಳು. ಒಂದು ಕೃತಿಯ ಪ್ರತಿಗಳನ್ನು ಮಾಡುವ, ಪ್ರಕಟಿಸುವ, ಜನರಿಗೆ ತಲುಪಿಸುವ, ಅನುವಾದಿಸುವ ಅಧಿಕಾರ ನಿಯತವಾದ ಕಾಲದವರೆಗೆ ಕರ್ತೃವಿಗೆ ಅಥವಾ ಅವನಿಂದ ಹಕ್ಕು ಪಡೆದವರಿಗೆ ಸೇರಿದೆಯೆಂಬುದೇ ಅದರ ತಿರುಳು. ಮುದ್ರಣಯಂತ್ರ ಬಂದು ಒಂದು ಪುಸ್ತಕವನ್ನು ಸಾವಿರ ಮಾಡುವುದು ಸುಲಭವಾದ ಮೇಲೆ ಈ ಹಕ್ಕಿನ ಅಗತ್ಯ ತೋರಿತು. ಇಂಗ್ಲೆಂಡಿನಲ್ಲಿ 1710ರಲ್ಲಿ ಜಾರಿಗೆ ಬಂದ ಆನ್ ರಾಣಿಯ ಕಾಲದ ಶಾಸನ ಹೊಸ ಪುಸ್ತಕಗಳಿಗೆ 14 ವರ್ಷಗಳ ರಕ್ಷಣೆ ಕೊಟ್ಟಿತು. ಅವಧಿ ಮುಗಿದಾಗ ಕರ್ತೃ ಜೀವಂತನಾಗಿದ್ದರೆ ಮತ್ತೆ 14 ವರ್ಷ. 1886ರ ಬರ್ನ್ ಒಪ್ಪಂದ ಒಂದು ದೇಶದ ಕರ್ತೃವಿನ ಹಕ್ಕನ್ನು ಇತರ ದೇಶಗಳೂ ಮನ್ನಿಸುವಂತೆ ಮಾಡಿತು. ನಮ್ಮ ದೇಶದಲ್ಲಿ ಈಗ ನಡೆಯುತ್ತಿರುವುದು 1957ರ ಕೃತಿಸ್ವಾಮ್ಯ ಅಧಿನಿಯಮ. ಅದು 1958ರ ಜನವರಿ 21ರಿಂದ ಜಾರಿಗೆ ಬಂದು, ಅನೇಕ ಸಲ ತಿದ್ದುಪಡಿಯಾಗಿದೆ. ಅವುಗಳಲ್ಲಿ 2012ರ ತಿದ್ದುಪಡಿ ನಮ್ಮ ಪ್ರಕೃತ ವಿಷಯಕ್ಕೆ ಮುಖ್ಯವಾದುದು.

ಇಲ್ಲಿ ಮೊದಲು ತಿಳಿಯಬೇಕಾದ ಸೂಕ್ಷ್ಮವೊಂದಿದೆ. ಕೃತಿಸ್ವಾಮ್ಯವಿರುವುದು ಉಕ್ತಿಗೆ, ವಸ್ತುವಿಗಲ್ಲ. ಯಾವುದೇ ಸಂಗತಿ, ವಿಚಾರ, ಕಥೆಯ ಎಳೆ ಯಾರ ಸೊತ್ತೂ ಅಲ್ಲ. ಅದನ್ನು ಹೇಳಿದ ಮಾತಿನ ಜೋಡಣೆ ಮಾತ್ರ ಹೇಳಿದವನ ಸೊತ್ತು. 1978ರಲ್ಲಿ ಆರ್. ಜಿ. ಆನಂದ್ ಎಂಬ ನಾಟಕಕಾರರು ಚಲನಚಿತ್ರವೊಂದರ ಮೇಲೆ ಹೂಡಿದ್ದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯ ಈ ತತ್ತ್ವವನ್ನು ನಿಸ್ಸಂದೇಹವಾಗಿ ಸಾರಿತು. ಬರ್ನ್ ಒಪ್ಪಂದವೂ ದಿನದ ಬರಿಯ ಸುದ್ದಿಗೆ ತನ್ನ ರಕ್ಷಣೆ ಅನ್ವಯಿಸುವುದಿಲ್ಲವೆಂದು ಹೇಳಿದೆ.

ನಮ್ಮ ತೋಟದ ಉದಾಹರಣೆಯಿಂದಲೇ ಇದನ್ನು ಸ್ಪಷ್ಟಪಡಿಸಬಹುದು. ಕೊಳೆರೋಗಕ್ಕೆ ಮುಂಗಾರು ಹಿಡಿಯುವ ಮೊದಲೇ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸಬೇಕೆಂಬುದು, ಎಲೆಚುಕ್ಕಿ ತಗುಲಿದ ಎಲೆಗಳನ್ನು ಕತ್ತರಿಸಿ ಸುಡಬೇಕೆಂಬುದು ಸಂಗತಿಗಳು. ಇವನ್ನು ಯಾವ ಪತ್ರಿಕೆಯಲ್ಲಿ ಓದಿದರೂ ನಾವು ನಮ್ಮ ಮಾತಿನಲ್ಲಿ ಊರಿಗೆಲ್ಲ ಸಾರಬಹುದು. ಯಾವ ಪತ್ರಿಕೆಯೂ ಅದನ್ನು ತಡೆಯಲಾರದು. ಆದರೆ ತೋಟಗಳನ್ನು ಸುತ್ತಿ, ಬೆಳೆಗಾರರನ್ನು ಮಾತನಾಡಿಸಿ, ವಿಜ್ಞಾನಿಗಳನ್ನು ಕೇಳಿ, ಒಬ್ಬ ಬಾತ್ಮೀದಾರ ಹೆಣೆದ ವಾಕ್ಯಗಳು ಅವನವು ಅಥವಾ ಅವನ ಪತ್ರಿಕೆಯವು. ನಾನು ಅಂದು ಆ ಲೇಖನದ ಸಾರವನ್ನು ಹತ್ತು ಸಾಲಿನಲ್ಲಿ ನನ್ನ ಮಾತಿನಲ್ಲಿಯೇ ಬರೆದು, ಬರೆದವನ ಹೆಸರು ಹೇಳಿದ್ದರೆ ಬೆಳೆಗಾರರಿಗೆ ಅಷ್ಟೇ ಉಪಕಾರವಾಗುತ್ತಿತ್ತು. ಶಿಷ್ಯನ ಮುಂದೆ ತಲೆ ತಗ್ಗಿಸುವ ಪ್ರಸಂಗ ಬರುತ್ತಿರಲಿಲ್ಲ.

ಪೂರ್ವಪಕ್ಷ

ಪ್ರಾಜ್ಞರಾದ ವಾಚಕರು ಇಲ್ಲಿ ಆಕ್ಷೇಪವೆತ್ತಬಹುದು. ವಿದ್ಯೆ ಕೊಟ್ಟಷ್ಟೂ ಹೆಚ್ಚುವ ಧನವೆಂದು ಹೇಳಿಕೊಂಡು ಬಂದ ನಾಡು ಇದು. ತಾಳೆಗರಿಯ ಕಾಲದಲ್ಲಿ ಗ್ರಂಥವನ್ನು ಪ್ರತಿಮಾಡುವುದು ಪುಣ್ಯಕಾರ್ಯವಾಗಿತ್ತಲ್ಲದೆ ಅಪರಾಧವಾಗಿರಲಿಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ನಾವೇ ತರಗತಿಗಳಲ್ಲಿ ಹೆಮ್ಮೆಯಿಂದ ಪಾಠ ಹೇಳುತ್ತೇವೆ. ಆಕೆ ಮಾಡಿದ್ದು ದಾನವಾದರೆ, ಇಂದು ಒಂದು ಲೇಖನವನ್ನು ಸಾವಿರ ಜನರಿಗೆ ಕಳಿಸುವವನು ಮಾಡಿದ್ದು ಚೌರ್ಯ ಹೇಗಾದೀತು?

ಈ ಆಕ್ಷೇಪ ಮೇಲುನೋಟಕ್ಕೆ ಬಲವಾಗಿಯೇ ಇದೆ. ನಾನೂ ಬಹುದಿನ ಇದನ್ನೇ ನೆಚ್ಚಿಕೊಂಡಿದ್ದೆ. ಆದರೆ ಅತ್ತಿಮಬ್ಬೆಯ ದಾನವನ್ನು ಕೊಂಚ ಹತ್ತಿರದಿಂದ ನೋಡಬೇಕು. ಸಾವಿರ ಪ್ರತಿಗಳೆಂದರೆ ಎಷ್ಟು ಓಲೆಗರಿ, ಎಷ್ಟು ಲಿಪಿಕಾರರು, ಎಷ್ಟು ತಿಂಗಳುಗಳ ಶ್ರಮ! ಆ ವೆಚ್ಚವನ್ನು ಹೊತ್ತವಳು ಅತ್ತಿಮಬ್ಬೆಯೇ. ಅವಳು ತನ್ನ ಸ್ವಂತದ್ದನ್ನು ಕೊಟ್ಟಳು. ಅಷ್ಟೇ ಅಲ್ಲ, 993ರಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನಕವಿಗೂ ಆಶ್ರಯ ಕೊಟ್ಟವಳು ಆಕೆ. ಎಂದರೆ ಹಳೆಯ ಕೃತಿ ಉಳಿಯುವುದಕ್ಕೂ ಹೊಸ ಕೃತಿ ಹುಟ್ಟುವುದಕ್ಕೂ ಒಂದೇ ಕೈ ವೆಚ್ಚಮಾಡಿತು. ಕವಿಗೆ ಅರಸನೋ ಆಶ್ರಯದಾತನೋ ಅನ್ನ ಕೊಡುತ್ತಿದ್ದ ಕಾಲದಲ್ಲಿ ಪ್ರತಿಗಳು ಹೆಚ್ಚಿದರೆ ಕವಿಗೆ ಕೀರ್ತಿ ಬರುತ್ತಿತ್ತೇ ಹೊರತು ಹಾನಿಯಿರಲಿಲ್ಲ. ಇಂದಿನ ಬರಹಗಾರನಿಗೆ ಆಶ್ರಯದಾತರೆಂದರೆ ಓದುಗರೇ. ಓದುಗನು ಕೊಡಬೇಕಾದ ಚಂದಾಹಣವನ್ನು ತಪ್ಪಿಸಿ ಮತ್ತೊಬ್ಬರಿಗೆ ಹಂಚಿದರೆ ಆ ದಾನದ ವೆಚ್ಚವನ್ನು ಹೊರುವವನು ಬರಹಗಾರ. ಅನ್ಯರ ದ್ರವ್ಯದಿಂದ ಮಾಡಿದ ದಾನಕ್ಕೆ ನಮ್ಮ ಯಾವ ಧರ್ಮಶಾಸ್ತ್ರವೂ ಫಲ ಹೇಳಿದಂತೆ ಕಾಣೆ.

ಕರ್ತೃತ್ವದ ಗೌರವವೂ ನಮಗೆ ಹೊಸತಲ್ಲ. ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಶಬ್ದಹರಣ, ಅರ್ಥಹರಣಗಳೆಂದು ಅನ್ಯಕವಿಯಿಂದ ಎತ್ತಿಕೊಳ್ಳುವ ಬಗೆಗಳನ್ನು ಅಧ್ಯಾಯಗಟ್ಟಲೆ ವಿಂಗಡಿಸಿದ್ದಾನೆ. ಯಾವುದು ಗ್ರಾಹ್ಯ, ಯಾವುದು ತ್ಯಾಜ್ಯವೆಂದು ತೂಗಿದ್ದಾನೆ. ಹನ್ನೆರಡನೆಯ ಶತಮಾನದ ವಚನಕಾರರಂತೂ ಪ್ರತಿಯೊಂದು ವಚನಕ್ಕೂ ತಮ್ಮ ಅಂಕಿತವಿಟ್ಟರು. ಅಂಕಿತವು ಮೊದಲಿಗೆ ಇಷ್ಟದೈವದ ನಾಮವೆಂಬುದು ನಿಜ. ಆದರೂ ಎಂಟು ನೂರು ವರ್ಷಗಳ ಬಳಿಕ ಯಾವ ವಚನ ಯಾರದೆಂದು ನಾವು ಗುರುತಿಸುವುದು ಅದರ ಬಲದಿಂದಲೇ. ಅಂಕಿತವನ್ನು ಅಳಿಸಿ ವಚನವನ್ನು ಹಾಡುವವನನ್ನು ನಮ್ಮ ಹಿರಿಯರು ಒಪ್ಪುತ್ತಿರಲಿಲ್ಲ. ಇಂದಿನ ಅಧಿನಿಯಮದ 57ನೆಯ ಪ್ರಕರಣವೂ, ಹಕ್ಕನ್ನು ಮಾರಿದ ಮೇಲೆಯೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆಯೆಂದು ವಿಧಿಸಿದೆ. ನಾನು ಶಿಷ್ಯನ ಹೆಸರನ್ನು ಬಿಟ್ಟು ಕಳಿಸಿದುದು ಈ ದೃಷ್ಟಿಯಿಂದ ಲೇಖನವನ್ನು ಹಂಚಿದುದಕ್ಕಿಂತಲೂ ದೊಡ್ಡ ತಪ್ಪು.

ಎರವಲಿಗೂ ಪ್ರತಿಗೂ ಇರುವ ಭೇದ

ಹಾಗಾದರೆ ಅಂಗಡಿಯ ಜಗಲಿಯಲ್ಲಿ ಹತ್ತು ಜನ ಓದುತ್ತಿದ್ದ ಪತ್ರಿಕೆಯ ಗತಿಯೇನು? ಅದೂ ತಪ್ಪೇ? ಅಲ್ಲ. ಒಮ್ಮೆ ಹಣಕೊಟ್ಟು ಕೊಂಡ ಪ್ರತಿ ಚಲಾವಣೆಗೆ ಬಂದ ಪ್ರತಿ. ಅದನ್ನು ಎರವಲು ಕೊಡಬಹುದು, ದಾನ ಮಾಡಬಹುದು, ವಾಚನಾಲಯದಲ್ಲಿ ಇಡಬಹುದು. ಅಲ್ಲಿ ಕೈ ಬದಲಾಗುತ್ತದೆಯೇ ಹೊರತು ಪ್ರತಿಗಳ ಸಂಖ್ಯೆ ಹೆಚ್ಚುವುದಿಲ್ಲ. ನಾನು ಕೊಟ್ಟರೆ ನನ್ನಲ್ಲಿ ಇರುವುದಿಲ್ಲ. ದೂರವಾಣಿಯಲ್ಲಿ ರವಾನಿಸಿದಾಗಲಾದರೋ ನನ್ನ ಪ್ರತಿ ನನ್ನಲ್ಲಿಯೇ ಇದ್ದು, ಮುನ್ನೂರು ಜನರ ಬಳಗದಲ್ಲಿ ಮುನ್ನೂರು ಹೊಸ ಪ್ರತಿಗಳು ಹುಟ್ಟುತ್ತವೆ. ಅವುಗಳಲ್ಲಿ ಹತ್ತು ಮತ್ತೆ ಹತ್ತು ಬಳಗಗಳಿಗೆ ಹೋದರೆ ಸಂಖ್ಯೆ ಮೂರು ಸಾವಿರವನ್ನು ಮುಟ್ಟುತ್ತದೆ. ಇದು ಎರವಲಲ್ಲ, ಮುದ್ರಣ. ನಾವು ಬೆರಳ ತುದಿಯಲ್ಲಿ ಮುದ್ರಣಾಲಯ ನಡೆಸುತ್ತಿದ್ದೇವೆಂಬ ಅರಿವು ನಮಗಿಲ್ಲದಿರುವುದೇ ಈ ಗೊಂದಲಕ್ಕೆ ಮೂಲ.

ಬೀಗ ಏಕೆ ಬಂದಿತು?

ಬಹುಕಾಲ ಓದುಗನು ಪತ್ರಿಕೆಯ ಪೂರ್ಣ ವೆಚ್ಚವನ್ನು ಕೊಟ್ಟವನಲ್ಲ. ಕಾಗದ, ಮಸಿ, ಸಾಗಣೆ, ಸಂಬಳ ಇವುಗಳ ಬಹುಭಾಗವನ್ನು ಜಾಹೀರಾತುಗಳು ಹೊರುತ್ತಿದ್ದವು. ಅಂತರಜಾಲ ಬಂದ ಮೇಲೆ ಪತ್ರಿಕೆಗಳು ಮೊದಲಿಗೆ ಎಲ್ಲವನ್ನೂ ಉಚಿತವಾಗಿ ಕೊಟ್ಟವು. ಅಷ್ಟರಲ್ಲಿ ಜಾಹೀರಾತಿನ ಹಣ ಗೂಗಲ್, ಫೇಸ್‌ಬುಕ್ ಮೊದಲಾದ ಸಂಸ್ಥೆಗಳ ಕಡೆಗೆ ಹರಿದುಹೋಯಿತು. ಆಗ ಪತ್ರಿಕೆಗಳು ಓದುಗನ ಕಡೆಗೇ ತಿರುಗಬೇಕಾಯಿತು. ಅಮೆರಿಕದ ನ್ಯೂಯಾರ್ಕ್ ಟೈಮ್ಸ್ 2011ರಲ್ಲಿ ತನ್ನ ಜಾಲತಾಣಕ್ಕೆ ಚಂದಾದ ಬೀಗ ಹಾಕಿತು. ನಮ್ಮ ದೇಶದ ‘ದಿ ಹಿಂದೂ’ 2019ರಲ್ಲಿ ಅದೇ ದಾರಿ ಹಿಡಿಯಿತು. ಓದುಗನು ಕೊಡದಿದ್ದರೆ ಕೊಡುವವರು ಉಳಿದಿಲ್ಲವೆಂಬುದೇ ಈ ಬೀಗದ ಅರ್ಥ.

2020ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ಪತ್ರಿಕೆ ಹಂಚುವ ಹುಡುಗರಿಗೂ ತಡೆಯಾಯಿತು. ಪತ್ರಿಕೆ ಮುಟ್ಟಿದರೆ ರೋಗ ಬರುವುದೆಂಬ ಭಯವೂ ಹಬ್ಬಿತು. ಆ ದಿನಗಳಲ್ಲಿ ಇಡೀ ಪತ್ರಿಕೆಗಳೇ ಪಿಡಿಎಫ್ ರೂಪದಲ್ಲಿ ಬಳಗದಿಂದ ಬಳಗಕ್ಕೆ ಹರಿದವು. ‘ದೈನಿಕ್ ಜಾಗರಣ್’ ಹಿಂದೀ ಪತ್ರಿಕೆಯ ಪ್ರಕಾಶಕರು, ತಮ್ಮ ಇ-ಪತ್ರಿಕೆಯನ್ನು ಅನಾಮಧೇಯರು ಟೆಲಿಗ್ರಾಂ ಎಂಬ ಸಂದೇಶವಾಹಕದಲ್ಲಿ ದಿನವೂ ಹಂಚುತ್ತಿದ್ದಾರೆಂದು ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ದೂರಿತ್ತರು. 2020ರ ಮೇ 29ರಂದು ನ್ಯಾಯಾಲಯ ಆ ಹಂಚಿಕೆಯ ತಾಣಗಳನ್ನು ತೆಗೆದುಹಾಕುವಂತೆಯೂ ಅವನ್ನು ನಡೆಸುತ್ತಿದ್ದವರ ವಿವರ ಕೊಡುವಂತೆಯೂ ಆಜ್ಞಾಪಿಸಿತು. ಎರಡು ವರ್ಷದ ಬಳಿಕ, 2022ರ ಆಗಸ್ಟಿನಲ್ಲಿ, ಅದೇ ನ್ಯಾಯಾಲಯದ ಮುಂದೆ ಬಂದವರು ಸ್ಪರ್ಧಾಪರೀಕ್ಷೆಗಳಿಗೆ ಪಾಠ ಹೇಳುವ ಅಧ್ಯಾಪಕಿಯೊಬ್ಬರು. ಅವರ ಪುಸ್ತಕಗಳನ್ನೂ ಪಾಠಗಳನ್ನೂ ಅದೇ ಟೆಲಿಗ್ರಾಂನಲ್ಲಿ ಅಪರಿಚಿತರು ಹಂಚುತ್ತಿದ್ದರು. ಹಂಚಿದವರ ಗುರುತನ್ನು ಗೋಪ್ಯವೆಂಬ ನೆಪದಿಂದ ಮುಚ್ಚಿಡಲಾಗದೆಂದು ನ್ಯಾಯಾಲಯ ಹೇಳಿತು. ಇಂದು ವರದಿಗಾರನಿಗಾದುದು ನಾಳೆ ಮೇಷ್ಟರಿಗೂ ಆಗುತ್ತದೆಯೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಶಿಕ್ಷೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಕೃತಿಸ್ವಾಮ್ಯವನ್ನು ತಿಳಿದೂ ಭಂಗಪಡಿಸಿದವನಿಗೆ 63ನೆಯ ಪ್ರಕರಣದಂತೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡಿದುದಲ್ಲವಾದರೆ ನ್ಯಾಯಾಧೀಶರು ಕಾರಣ ಬರೆದು ಇದನ್ನು ಕಡಿಮೆ ಮಾಡಬಹುದು. 2012ರಲ್ಲಿ ಸೇರಿಸಿದ 65ಎ ಪ್ರಕರಣ, ಕೃತಿಯ ರಕ್ಷಣೆಗೆ ಹಾಕಿದ ತಾಂತ್ರಿಕ ಬೀಗವನ್ನು ಭಂಗದ ಉದ್ದೇಶದಿಂದ ಮುರಿಯುವವನಿಗೆ ಎರಡು ವರ್ಷದವರೆಗೆ ಸೆರೆವಾಸವನ್ನೂ ದಂಡವನ್ನೂ ವಿಧಿಸುತ್ತದೆ. ಹೆದರಿಸುವುದಕ್ಕಾಗಿ ಇದನ್ನು ಬರೆದವನಲ್ಲ. ಶಿಕ್ಷೆಯ ಭಯದಿಂದ ನಡೆಯುವ ನೀತಿ ಶಿಕ್ಷಕರಿಗೆ ಶೋಭಿಸದು.

ಕಾನೂನು ಬಿಟ್ಟಿರುವ ಬಾಗಿಲುಗಳು

ಕೃತಿಸ್ವಾಮ್ಯವೆಂದರೆ ನಾಲ್ಕೂ ಕಡೆ ಗೋಡೆಯೆಂದು ಯಾರೂ ಭಾವಿಸಬಾರದು. ಅಧಿನಿಯಮದ 52ನೆಯ ಪ್ರಕರಣ ಅನೇಕ ಬಾಗಿಲುಗಳನ್ನು ತೆರೆದಿಟ್ಟಿದೆ. ಅವುಗಳಲ್ಲಿ ಕೆಲವು ವಿದ್ಯಾಸಂಸ್ಥೆಗಳಿಗಾಗಿಯೇ ಇವೆ. ಸ್ವಂತದ ಉಪಯೋಗಕ್ಕೆ, ಸಂಶೋಧನೆಗೆ, ವಿಮರ್ಶೆಗೆ, ಪ್ರಚಲಿತ ವಿದ್ಯಮಾನಗಳ ವರದಿಗೆ ಉಚಿತವಾದ ಪ್ರಮಾಣದಲ್ಲಿ ಕೃತಿಯನ್ನು ಬಳಸಿಕೊಳ್ಳುವುದು ನ್ಯಾಯೋಚಿತ ವ್ಯವಹಾರ. ನಾನು ಲೇಖನವೊಂದನ್ನು ನನ್ನ ಅಭ್ಯಾಸಕ್ಕಾಗಿ ಕತ್ತರಿಸಿಟ್ಟುಕೊಂಡರೆ ಆಕ್ಷೇಪವಿಲ್ಲ. ಅದರಿಂದ ನಾಲ್ಕು ಸಾಲುಗಳನ್ನು ಎತ್ತಿ ಚರ್ಚಿಸಿದರೆ ಆಕ್ಷೇಪವಿಲ್ಲ. ಎಷ್ಟು ತೆಗೆದುಕೊಂಡರೆ ಉಚಿತ ಎಂಬುದಕ್ಕೆ ಕೇರಳದ ಉಚ್ಚ ನ್ಯಾಯಾಲಯ 1996ರಲ್ಲಿ ತೋಪ್ಪಿಲ್ ಭಾಸಿಯವರ ಪ್ರಸಿದ್ಧ ಮಲೆಯಾಳ ನಾಟಕಕ್ಕೆ ಸಿವಿಕ್ ಚಂದ್ರನ್ ಬರೆದ ಪ್ರತಿನಾಟಕದ ವ್ಯಾಜ್ಯದಲ್ಲಿ ಮೂರು ಒರೆಗಲ್ಲುಗಳನ್ನು ತೋರಿಸಿದೆ: ತೆಗೆದುಕೊಂಡ ಭಾಗದ ಪ್ರಮಾಣವೂ ಮೌಲ್ಯವೂ ಎಷ್ಟು, ಉದ್ದೇಶವೇನು, ಅದು ಮೂಲಕೃತಿಗೆ ಸ್ಪರ್ಧಿಯಾಗುತ್ತದೆಯೇ. ಬಳಗಕ್ಕೆ ಕಳಿಸಿದ ಪೂರ್ಣ ಲೇಖನ ಈ ಮೂರನೆಯ ಒರೆಗಲ್ಲಿನಲ್ಲಿ ನಿಲ್ಲಲಾರದು. ಅದನ್ನು ಓದಿದವನು ಮೂಲವನ್ನು ಕೊಳ್ಳುವ ಕಾರಣವೇ ಉಳಿಯುವುದಿಲ್ಲ.

ಗುರುಶಿಷ್ಯರು ಪಾಠದ ಪ್ರಸಂಗದಲ್ಲಿ ಕೃತಿಯನ್ನು ಪ್ರತಿಮಾಡಿಕೊಳ್ಳುವುದನ್ನೂ, ಪ್ರಶ್ನಪತ್ರಿಕೆಯಲ್ಲಿ ಬಳಸುವುದನ್ನೂ ಕಾನೂನು ಒಪ್ಪಿದೆ. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ಪ್ರಕಾಶಕರು ದೆಹಲಿ ವಿಶ್ವವಿದ್ಯಾನಿಲಯದ ಆವರಣದಲ್ಲಿದ್ದ ರಾಮೇಶ್ವರಿ ಎಂಬ ನೆರಳಚ್ಚಿನ ಅಂಗಡಿಯ ಮೇಲೆಯೂ ವಿಶ್ವವಿದ್ಯಾನಿಲಯದ ಮೇಲೆಯೂ ವ್ಯಾಜ್ಯ ಹೂಡಿದಾಗ, 2016ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ಪಾಠಕ್ಕೆ ಅಗತ್ಯವಾದಷ್ಟನ್ನು ಪ್ರತಿಮಾಡುವ ಹಕ್ಕು ಬೋಧಕರಿಗೂ ವಿದ್ಯಾರ್ಥಿಗಳಿಗೂ ಉಂಟೆಂದು ಎತ್ತಿಹಿಡಿಯಿತು. ಆದುದರಿಂದ ನಮ್ಮ ಸಮಾಜವಿಜ್ಞಾನದ ಅಧ್ಯಾಪಕರು ಪತ್ರಿಕೆಯ ಒಂದು ಲೇಖನವನ್ನು ತರಗತಿಯಲ್ಲಿ ಪಾಠಕ್ಕಾಗಿ ಹಂಚಿದರೆ ಅಳುಕಬೇಕಾಗಿಲ್ಲ. ಅದೇ ಲೇಖನವನ್ನು ಸಂಜೆ ಊರ ಬಳಗಕ್ಕೆ ಹಂಚಿದರೆ ಅದು ಪಾಠವಲ್ಲ. ದೃಷ್ಟಿಹೀನರಾದ ಮಕ್ಕಳಿಗಾಗಿ ಪಠ್ಯವನ್ನು ಬ್ರೈಲ್ ಲಿಪಿಗೋ ಧ್ವನಿಗೋ ತಿರುಗಿಸಿಕೊಡುವುದನ್ನು ಸಹ 2012ರ ತಿದ್ದುಪಡಿ ಅನುಮತಿಸಿದೆ.

ನಮ್ಮ ನಾಡಿನದೇ ಒಂದು ವ್ಯಾಜ್ಯವನ್ನು ಇಲ್ಲಿ ನೆನೆಯಬೇಕು. ಡಾ. ಶಿವರಾಮ ಕಾರಂತರು ರೂಪಿಸಿದ ಯಕ್ಷರಂಗದ ನೃತ್ಯನಾಟಕಗಳ ಹಕ್ಕನ್ನು ಅವರ ಇಚ್ಛಾಪತ್ರದಂತೆ ಪಡೆದವರು ಮಾಲಿನಿ ಮಲ್ಯ. ಕಾರಂತರು 1997ರಲ್ಲಿ ತೀರಿಕೊಂಡ ಬಳಿಕ, 2001ರಲ್ಲಿ ದೆಹಲಿಯಲ್ಲಿ ‘ಅಭಿಮನ್ಯು ವಧೆ’ ಪ್ರದರ್ಶನವಾದಾಗ ಮಲ್ಯರು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಮೇಲೆ ಉಡುಪಿಯಲ್ಲಿ ದಾವೆ ಹೂಡಿದರು. ಅದು ಉಚ್ಚ ನ್ಯಾಯಾಲಯವನ್ನು ದಾಟಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2009ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಮಲ್ಯರ ಹಕ್ಕನ್ನು ಮನ್ನಿಸಿತು; ಜೊತೆಗೇ, ವಿದ್ಯಾಸಂಸ್ಥೆಯ ಚಟುವಟಿಕೆಯಾಗಿ ಅಥವಾ ಹಣ ಪಡೆಯದ ಹವ್ಯಾಸಿ ಪ್ರದರ್ಶನವಾಗಿ 52ನೆಯ ಪ್ರಕರಣದ ಮಿತಿಯೊಳಗೆ ಆಡಿದರೆ ತಡೆಯಾಜ್ಞೆಯ ಭಂಗವಾಗದೆಂದೂ ಸ್ಪಷ್ಟಪಡಿಸಿತು. ಕರ್ತೃವಿನ ಹಕ್ಕೂ ಶಾಲೆಯ ಅಗತ್ಯವೂ ಒಂದೇ ತೀರ್ಪಿನಲ್ಲಿ ಸ್ಥಾನ ಪಡೆದ ಈ ನಿದರ್ಶನ ವಾರ್ಷಿಕೋತ್ಸವದಲ್ಲಿ ಮಕ್ಕಳಿಂದ ನಾಟಕ ಆಡಿಸುವ ನಮಗೆಲ್ಲ ಉಪಯುಕ್ತವಾದುದು.

ಮತ್ತೊಂದು ಬಾಗಿಲು ಕಾಲದ್ದು. ಕರ್ತೃ ಮರಣಹೊಂದಿದ ವರ್ಷದ ಮರುವರ್ಷದಿಂದ 60 ವರ್ಷ ಕಳೆದರೆ ಅವನ ಕೃತಿ ಸರ್ವರ ಸೊತ್ತು. 1992ರವರೆಗೆ ಇದು 50 ವರ್ಷವಾಗಿತ್ತು. ವಚನಗಳ ಓಲೆಗರಿಗಳನ್ನು ಊರೂರು ಅಲೆದು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದು, 1925ರಲ್ಲಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಸ್ಥಾಪಿಸಿ, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದ ಫ. ಗು. ಹಳಕಟ್ಟಿಯವರು ನಿಧನರಾದುದು 1964ರಲ್ಲಿ. ಆದುದರಿಂದ ಅವರ ಜೀವಿತಕಾಲದಲ್ಲಿ ಪ್ರಕಟವಾದ ಅವರ ಸ್ವಂತ ಬರಹಗಳು 2025ರ ಜನವರಿ 1ರಿಂದ ಮುಕ್ತವಾಗಿವೆ. ಅವನ್ನು ಯಾರು ಬೇಕಾದರೂ ಮುದ್ರಿಸಬಹುದು, ಹಂಚಬಹುದು. ನಮ್ಮ ಬಳಗಗಳು ಹಂಚಲು ಹಂಬಲಿಸುವುದಾದರೆ ಇಂತಹ ನಿಧಿ ಮುಂದೆಯೇ ಇದೆ. ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರು 1994ರಲ್ಲಿ ನಿಧನರಾದುದರಿಂದ ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗೆ ಇರುತ್ತದೆ.

ಹಳಕಟ್ಟಿಯವರು ಮುದ್ರಣಕ್ಕಾಗಿ ತಮ್ಮ ಸರ್ವಸ್ವವನ್ನೂ ವ್ಯಯಿಸಿದರೆಂಬುದು ಎಲ್ಲರೂ ಬಲ್ಲ ಸಂಗತಿ. ಅವರ ಪತ್ರಿಕೆಗೂ ಚಂದಾದಾರರು ಬೇಕಾಗಿದ್ದರು. ಅಕ್ಷರ ಉಳಿಯಬೇಕಾದರೆ ಯಾರಾದರೊಬ್ಬರು ವೆಚ್ಚವನ್ನು ಹೊರಲೇಬೇಕು; ಅದು ಸದಾ ಬರೆದವನ ಹೆಗಲ ಮೇಲೆಯೇ ಬೀಳಬಾರದು.

ಉಳಿದ ಶಂಕೆ

ಇಷ್ಟಾದರೂ ಒಂದು ಶಂಕೆ ಉಳಿಯುತ್ತದೆ. ಅದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಚಂದಾ ಕೊಡುವ ಶಕ್ತಿಯಿಲ್ಲದವನ ಗತಿಯೇನು? ಮಂಗನ ಕಾಯಿಲೆಯ ಎಚ್ಚರಿಕೆ, ಗುಡ್ಡ ಕುಸಿದ ವಾರ್ತೆ, ಸೇತುವೆ ಮುಳುಗಿದ ವಾರ್ತೆ, ಇವು ಹಣವಿದ್ದವನಿಗೆ ಮಾತ್ರ ತಿಳಿಯಬೇಕೇ? ಬೇಡ. 2020ರಲ್ಲಿ ಮಹಾಮಾರಿ ಹಬ್ಬಿದಾಗ ನ್ಯೂಯಾರ್ಕ್ ಟೈಮ್ಸ್ ಮೊದಲಾದ ಅನೇಕ ಪತ್ರಿಕೆಗಳು ಆ ರೋಗದ ಸುದ್ದಿಗೆ ಹಾಕಿದ್ದ ಬೀಗವನ್ನು ತಾವೇ ತೆಗೆದವು. ಪ್ರಾಣರಕ್ಷಣೆಯ ಸಂಗತಿಗಳನ್ನು ಸಂಗತಿಗಳಾಗಿ ಹೇಳುವುದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲವೆಂಬುದನ್ನು ಮೇಲೆಯೇ ನಿರೂಪಿಸಿದ್ದೇನೆ. ಉಳಿದ ಓದಿಗೆ ಇರುವ ಉತ್ತರ ಹಳೆಯದೇ, ಅದು ವಾಚನಾಲಯ. ಬಡ ಓದುಗನೂ ಬರಹಗಾರನೂ ಇಬ್ಬರೂ ಉಳಿಯುವ ಉಪಾಯ ಅದೊಂದೇ ನನಗೆ ಕಾಣುತ್ತದೆ. ಒಬ್ಬ ದಾನಿ ಚಂದಾ ತೆತ್ತರೆ ನೂರು ಮಕ್ಕಳು ಓದುತ್ತಾರೆ, ಯಾರಿಗೂ ಅನ್ಯಾಯವಾಗುವುದಿಲ್ಲ. ಅತ್ತಿಮಬ್ಬೆ ಮಾಡಿದ್ದು ಇದನ್ನೇ.

ಆಚರಣೆಗೆ ಬಂದರೆ ನಾವು ಮಾಡಬೇಕಾದುದು ಬಹಳವಿಲ್ಲ. ಲೇಖನ ಮೆಚ್ಚಿಗೆಯಾದರೆ ಅದರ ಕೊಂಡಿಯನ್ನು ಕಳಿಸೋಣ. ಓದುಗನು ಮೂಲಕ್ಕೇ ಹೋಗಲಿ. ಸಾರವನ್ನು ನಮ್ಮ ಮಾತಿನಲ್ಲಿ ಬರೆದು, ಪತ್ರಿಕೆಯ ಹೆಸರು, ದಿನಾಂಕ, ಬರೆದವರ ಹೆಸರು ಹೇಳೋಣ. ವಾಕ್ಯಗಳನ್ನು ಉದ್ಧರಿಸುವುದಾದರೆ ಚರ್ಚೆಗೆ ಬೇಕಾದಷ್ಟನ್ನೇ ಉದ್ಧರಿಸೋಣ. ಪೂರ್ಣ ಲೇಖನ ಬೇಕಾದರೆ ಒಂದು ಪತ್ರ ಬರೆದು ಅನುಮತಿ ಬೇಡೋಣ. ಒಬ್ಬನ ಹೆಸರಿನ ಚಂದಾವನ್ನು ಊರಿಗೆಲ್ಲ ಬಳಸುವುದು ಸಾಮಾನ್ಯವಾಗಿ ಕರಾರಿಗೆ ವಿರುದ್ಧವಾದುದರಿಂದ, ಸಂಸ್ಥೆಗಾಗಿ ಪ್ರತ್ಯೇಕ ಚಂದಾ ಇದೆಯೇ ಎಂದು ವಿಚಾರಿಸಿ ಅದನ್ನೇ ಕೊಳ್ಳೋಣ.

ಈ ಸಂಚಿಕೆಯ ಸಂಪಾದಕ ಮಂಡಲಿಯ ಮೊದಲ ಸಭೆಯಲ್ಲಿ, ನಮ್ಮ ಮೂರು ತಾಲ್ಲೂಕುಗಳ ಅಡಿಕೆ ತೋಟಗಳ ಮೇಲೆ ಬಂದ ಆ ಲೇಖನವನ್ನೇ ಎತ್ತಿ ಅಚ್ಚುಹಾಕೋಣವೆಂದು ಸೂಚಿಸಿದವನು ನಾನೇ. ಪ್ರಚಲಿತ ವಿಷಯಗಳ ಲೇಖನವನ್ನು ಕರ್ತೃ ಸ್ಪಷ್ಟವಾಗಿ ಕಾದಿರಿಸದಿದ್ದಲ್ಲಿ ಮತ್ತೊಂದು ನಿಯತಕಾಲಿಕ ಪುನರ್ಮುದ್ರಿಸಬಹುದೆಂಬ ವಿಧಿಯೂ ಇದೆ. ಆದರೆ ಆ ಲೇಖನದ ಅಡಿಯಲ್ಲಿ ಹಕ್ಕುಗಳನ್ನು ಕಾದಿರಿಸಲಾಗಿದೆಯೆಂದು ಬರೆದೇ ಇತ್ತು. ಶಿಷ್ಯನ ಮಾತು ಕೇಳಿದ ಮೇಲೆ ಪತ್ರಿಕೆಗೆ ಪತ್ರ ಬರೆದೆ. ಸಂಚಿಕೆ ಅಚ್ಚಿಗೆ ಹೋಗುವವರೆಗೂ ಉತ್ತರ ಬರಲಿಲ್ಲ. ಆದುದರಿಂದ ವಾಚಕರು ಅದನ್ನು ಇಲ್ಲಿ ಕಾಣಲಾರರು. ಅದಕ್ಕಾಗಿ ಮೀಸಲಿಟ್ಟಿದ್ದ ಪುಟಗಳನ್ನು ಈ ಬರಹ ತುಂಬಿದೆ.

ಬಳಗದಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡು, ಲೇಖಕನ ಹೆಸರನ್ನು ಹೇಳಿ, ಮೂಲದ ಕೊಂಡಿಯನ್ನು ಹಾಕಿದೆ. ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಚಂದಾದಾರರಾದರೆಂದು ಕೇಳಿದ್ದೇನೆ. ನನ್ನ ಹೆಸರಿನಲ್ಲಿ ನಾನೂ ಒಂದು ಚಂದಾ ಕಟ್ಟಿದ್ದೇನೆ. ಶಾಲೆಯ ವಾಚನಾಲಯಕ್ಕೆ ಎರಡು ದಿನಪತ್ರಿಕೆಗಳ ಮುದ್ರಿತ ಪ್ರತಿಯನ್ನೂ, ಗಣಕಯಂತ್ರದಲ್ಲಿ ಓದಲು ಸಂಸ್ಥಾ ಚಂದಾವನ್ನೂ ಒದಗಿಸಬೇಕೆಂಬುದು ಅಧ್ಯಾಪಕರೆಲ್ಲರ ಅಪೇಕ್ಷೆ. ಉದಾರಿಗಳಾದ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ವಿನಂತಿಸುತ್ತೇನೆ. ಮಳೆಗಾಲದ ಮಧ್ಯಾಹ್ನ ಮನೆಗೆ ಹೋಗುವ ಬಸ್ಸಿಗಾಗಿ ಕಾಯುವ ಮಕ್ಕಳಿಗೆ ಓದಲು ಏನಾದರೂ ಇರಬೇಕು. ಅದನ್ನು ಬರೆದವನ ಮನೆಯಲ್ಲಿಯೂ ಒಲೆ ಉರಿಯಬೇಕು. ಅಲಂ ವಿಸ್ತರೇಣ.